ಕೆಂಪು ಸೀರೆಗೆ ಹಿಡಿದ ಹೊಗೆ

ಕಳೆದ ವಾರ ಅಜೆಕಾರಿನಲ್ಲಿ ನಮ್ಮ ಸಂಬಂಧಿಕರ ಮನೆ ಒಕ್ಕಲು ಇತ್ತು. ಹೊಸ ಮನೆ, ಕಿಟಕಿಗಳಿಗೆಲ್ಲ ಗಾಜು, ಗಣಹೋಮದ ಹೊಗೆಗೆ ಹೊರಗೆ ಹೋಗಲು ದಾರಿಯೇ ಇರಲಿಲ್ಲ. ನಾನು ಹೋಮಕುಂಡದ ಪಕ್ಕದಲ್ಲಿ ಕೂತವಳು. ಮನೆಗೆ ಬಂದು ಸೀರೆ ಬಿಚ್ಚಿದರೆ ತುಪ್ಪ, ಹಲಸಿನ ಕಟ್ಟಿಗೆ, ಸುಟ್ಟ ಅರಳು ಎಲ್ಲ ಒಟ್ಟಾಗಿ ನೇಯ್ಗೆಯ ಒಳಗೇ ಹೊಕ್ಕಿದ್ದವು. ಅದೇ ಸೀರೆ ಕಾಪುವಿನಲ್ಲಿ ಒಂದು ಸೀಮಂತಕ್ಕೆ ಬೇಕಿತ್ತು. ರೇಷ್ಮೆ, ನೀರಿಗೆ ಹಾಕುವ ಹಾಗಿಲ್ಲ. ಬಚ್ಚಲಲ್ಲಿ ಹಗ್ಗ ಕಟ್ಟಿ ಸೀರೆ ಹರವಿದೆ. ಕೆಳಗೆ ಅಗಲ ಬಾಯಿಯ ಪಾತ್ರೆಯಲ್ಲಿ ಕುದಿಯುವ ನೀರು ಇಟ್ಟು, ಒಂದು ಲೋಟ ವಿನೆಗರ್ ಸುರಿದೆ. ಆ ಹುಳಿ ಹಬೆ ಮೂಗಿಗೆ ಬಡಿದದ್ದೇ ತಡ, ಬೆನ್ನ ಹಿಂದೆ ಯಾರೋ ನಿಂತು ಉಸಿರು ಬಿಗಿಹಿಡಿದ ಹಾಗಾಯಿತು. "ಈಗ ಹೇಗುಂಟು? ನೋಡು ಮಾರಾಯ್ತಿ, ನನ್ನ ಮೂಗನ್ನು ನಂಬಬೇಡ..."

ತಿರುಗಿ ನೋಡಿದೆ. ಯಾರಿರುತ್ತಾರೆ? ಬಾಯಿ ಹೋಗಿ ಎರಡು ಮಳೆಗಾಲ ಕಳೆದವು.

ಕೆಮ್ಮಣ್ಣಿನಲ್ಲಿ ನಮ್ಮ ಪಕ್ಕದ ಮನೆಯವರು ಅವರು. ನಮ್ಮ ಕಡೆ ಕ್ರಿಶ್ಚಿಯನ್ ಹೆಂಗಸರನ್ನು ಗೌರವದಿಂದ ಬಾಯಿ ಎಂದು ಕರೆಯುವುದು ರೂಢಿ. ನನಗೂ ಅವರು ಬಾಯಿ, ನಮ್ಮವರಿಗೂ ಬಾಯಿ, ಹಾಲಿನವನಿಗೂ ಬಾಯಿ. ಮನೆಯಲ್ಲಿ ಕೊಂಕಣಿ, ನಮ್ಮ ಜೊತೆ ತುಳು, ಮಗಳ ಶಾಲೆಯ ಟೀಚರುಗಳ ಹತ್ತಿರ ಮಾತ್ರ ಇಸ್ತ್ರಿ ಹಾಕಿದ ಹಾಗಿನ ಕನ್ನಡ. ಗಂಡ ತೀರಿಹೋದ ಮೇಲೆ ಅವರು ಸಾನ್ನಾ ಮಾಡಿ ಮಾರಿ ಮಗಳನ್ನು ಓದಿಸಿದರು. ಸಾನ್ನಾ ಎಂದರೆ ಅಕ್ಕಿಹಿಟ್ಟಿಗೆ ಶೇಂದಿ ಹಾಕಿ ಹುಳಿಬರಿಸಿ ಬೇಯಿಸುವ, ಇಡ್ಲಿಗಿಂತ ಮೆತ್ತಗಿನ ತಿಂಡಿ. ಮದುವೆ, ನಾಮಕರಣ, ಮನೆಯ ಊಟ, ಎಲ್ಲಿ ಹಂದಿಮಾಂಸದ ಸಾರು ಕುದಿಯುತ್ತದೋ ಅಲ್ಲಿ ಬಾಯಿಯ ಸಾನ್ನಾ. ಅಷ್ಟು ಹಬೆ ಬರಿಸಲು ಗ್ಯಾಸ್ ಎಲ್ಲಿ ಸಾಲುತ್ತದೆ? ತೋಟದ ತೆಂಗಿನ ಸಿಪ್ಪೆ, ಒಣ ಗರಿಯ ಮಡಲು, ಹಿತ್ತಿಲಲ್ಲಿ ಮೂರು ಕಲ್ಲಿನ ದೊಡ್ಡ ಒಲೆ. ಬೆಳಿಗ್ಗೆ ಶುರುವಾದ ಹೊಗೆ ಮಧ್ಯಾಹ್ನದವರೆಗೂ ಆ ಮನೆಯ ಹೆಂಚಿನ ಸಂದುಗಳಿಂದ ಬಳುಕಿ ಬಳುಕಿ ಏಳುತ್ತಿತ್ತು.

ಆ ಹೊಗೆ ಮನೆಯ ಎಲ್ಲ ಬಟ್ಟೆಗೂ ಹಿಡಿಯುತ್ತಿತ್ತು. ಬಾಯಿಗೆ ಅದು ಗೊತ್ತಾದದ್ದು ಮಗಳು ಹೈಸ್ಕೂಲಿಗೆ ಹೋಗುವಾಗ. ಬಸ್ಸಿನಲ್ಲಿ ಯಾರೋ ಒಬ್ಬಳು ಮೂಗು ಮುಚ್ಚಿಕೊಂಡು "ಇಲ್ಲಿ ಎಂತದೋ ಸುಡ್ತಾ ಉಂಟು" ಎಂದಳಂತೆ. ಹುಡುಗಿ ಮನೆಗೆ ಬಂದು ಯೂನಿಫಾರ್ಮ್ ಅನ್ನು ಬಾವಿಕಟ್ಟೆಯ ಮೇಲೆ ಎಸೆದು ಅತ್ತಳು. ಅವತ್ತು ಸಂಜೆ ಬಾಯಿ ನಮ್ಮಲ್ಲಿಗೆ ಬಂದು, ನಿಂತುಕೊಂಡೇ, ಕೇಳಿದರು, "ನಿಮ್ಮ ಅಲ್ಮೇರಾದಲ್ಲಿ ಒಂದು ಖಾನೆ ಕೊಡ್ತೀಯಾ?"

ನಾವು ಆಗಲೇ ಗ್ಯಾಸಿನ ಒಲೆಯವರು. ಕೆಳಗಿನ ಖಾನೆ ಖಾಲಿ ಮಾಡಿಕೊಟ್ಟೆ. ಅಂದಿನಿಂದ ಆ ಹುಡುಗಿಯ ಹೊರಗೆ ಹೋಗುವ ಬಟ್ಟೆಗಳೆಲ್ಲ ನಮ್ಮ ಮನೆಯಲ್ಲಿ. ಒಗೆದದ್ದು ಒಣಗುವುದು ನಮ್ಮ ಮಹಡಿಯಲ್ಲಿ. ಬೆಳಿಗ್ಗೆ ನೈಟಿಯಲ್ಲಿ ಬೇಲಿ ದಾಟಿ ಬರುವಳು, ನಮ್ಮ ಕೋಣೆಯಲ್ಲಿ ಬಟ್ಟೆ ಬದಲಾಯಿಸಿ, ಅಲ್ಲಿಂದಲೇ ಬಸ್ಸಿಗೆ ಓಡುವಳು. ಹೈಸ್ಕೂಲು ಮುಗಿಯಿತು, ಕಾಲೇಜು ಮುಗಿಯಿತು, ಮಣಿಪಾಲದಲ್ಲಿ ಲ್ಯಾಬಿನ ಕೆಲಸ ಸಿಕ್ಕಿತು. ಬಿಳಿ ಕೋಟು ಕೂಡ ಅದೇ ಖಾನೆಗೆ ಬಂತು. ಬಾಯಿ ಬೇಲಿಯ ಆಚೆ ನಿಂತು, "ನಿನಗೆ ಎರಡು ಮನೆ. ಒಂದು ಉಣ್ಣಲಿಕ್ಕೆ, ಒಂದು ಉಡಲಿಕ್ಕೆ" ಎಂದು ನಗುತ್ತಿದ್ದರು.

ಕಾರ್ಕಳದಿಂದ ಸಂಬಂಧ ಬಂತು. ಹುಡುಗ ಒಳ್ಳೆಯವನು, ಅವಳ ಜೊತೆಯಲ್ಲೇ ಕೆಲಸ ಮಾಡುವವನು. ಅವನ ತಾಯಿಯದ್ದೇ ಕಷ್ಟ. ಮನೆ ನೋಡಲು ಬಂದ ದಿನ ಅವರು ಒಳಗೆ ಕಾಲಿಡುವ ಮೊದಲೇ ಕರ್ಚೀಫು ತೆಗೆದರು. "ನಿಮ್ಮಲ್ಲಿ ಇನ್ನೂ ಸೌದೆ ಒಲೆಯಾ?" ಎಂದು ಕೇಳಿದ್ದು ಒಂದೇ ಮಾತು. ಬಾಯಿ "ಹೌದು" ಎಂದದ್ದೂ ಒಂದೇ ಮಾತು. ಚಹಾ ತಣ್ಣಗಾಯಿತು... ಮಗನ ಹಟಕ್ಕೆ ಆಕೆ ಒಪ್ಪಿದರು ಎಂದು ಆಮೇಲೆ ಕೇಳಿಬಂತು.

ಮದುವೆಗೆ ಸ್ವಲ್ಪ ಮೊದಲು ಅದೇ ತಾಯಿ ಸಾಡೊ ತಂದುಕೊಟ್ಟರು. ಇಗರ್ಜಿಯಲ್ಲಿ ಮದುಮಗಳು ಉಡುವುದು ಬಿಳಿ ಉಡುಪು. ಆಮೇಲೆ ಊಟದ ಹಾಲ್‌ನಲ್ಲಿ ಅದನ್ನು ಬದಲಿಸಿ ಗಂಡಿನ ಕಡೆಯವರು ಕೊಟ್ಟ ಕೆಂಪು ಸೀರೆ ಉಡಿಸುತ್ತಾರೆ, ಅದೇ ಸಾಡೊ. ಇವರದ್ದು ಹುಡುಗನ ಅಜ್ಜಿಯದ್ದಂತೆ. ಆ ಮನೆಗೆ ಬಂದ ಸೊಸೆಯರೆಲ್ಲ ಉಟ್ಟದ್ದು. ದಾಳಿಂಬೆ ಬಣ್ಣದ ರೇಷ್ಮೆ, ಜರಿ ಸ್ವಲ್ಪ ಕಂದಿತ್ತು. "ಉಡಿಸುವುದು ನಾನೇ. ಅಲ್ಲಿಯವರೆಗೆ ಜೋಪಾನ" ಎಂದು ಹೇಳಿ ಹೋದರು.

ನಾನು ಬಾಯಿಗೆ ಹೇಳಿದೆ, ನಮ್ಮ ಅಲ್ಮೇರಾದಲ್ಲಿ ಇಡುವ ಎಂದು. ಬಾಯಿ ಸೀರೆಯ ಗಂಟನ್ನು ಎದೆಗೆ ಒತ್ತಿಕೊಂಡರು.

"ಇದೊಂದು ಇಲ್ಲೇ ಇರಲಿ. ಮಗಳ ಸಾಡೊ ಅಲ್ವಾ? ಅವಳದ್ದು ಅಂತ ಒಂದು ಮನೆ ಉಂಟು ಎಂದು ಆಗಬೇಡವಾ?"

ಗಂಟು ಅಲ್ಲೇ ಉಳಿಯಿತು. ಬಾಯಿ ಆ ವಾರ ಸಾನ್ನಾದ ಒಲೆ ಹಚ್ಚಲೇ ಇಲ್ಲ, ಬಂದ ಆರ್ಡರುಗಳನ್ನೆಲ್ಲ ಬೇರೆಯವರಿಗೆ ಕಳಿಸಿದರು. ಮನೆಗೆ ಸುಣ್ಣ ಹೊಡೆಸಿದರು. ಹೊಗೆ ಇಲ್ಲದ ಆ ಮನೆ ನೋಡಿದರೆ ನನಗೇ ಗುರುತು ಸಿಗುತ್ತಿರಲಿಲ್ಲ.

ಕೆಟ್ಟದ್ದು ರೋಸಿನ ಹಿಂದಿನ ದಿನ. ಮದುಮಗಳಿಗೆ ತೆಂಗಿನ ಹಾಲು ಹಚ್ಚಿ ಮೀಯಿಸುವ ಶಾಸ್ತ್ರಕ್ಕೆ ರೋಸ್ ಎನ್ನುತ್ತಾರೆ. ಅದರ ಮರುದಿನ ಮದುವೆ. ಬಾಯಿಯ ನಾದಿನಿ, ಸತ್ತ ಗಂಡನ ತಂಗಿ, ಎರಡು ದಿನ ಮೊದಲೇ ಬಂದು ಕೂತಿದ್ದರು. ಅವರ ಮನೆಯೂ ಕಾರ್ಕಳದಲ್ಲಿ, ಗಂಡಿನವರ ಬೀದಿಯಲ್ಲೇ. ನಾಲಿಗೆ ಮಾತ್ರ ಎರಡೂ ಊರಿನಲ್ಲಿ. ಸಾಡೊಗೆ ನುಸಿಗುಳಿಗೆಯ ವಾಸನೆ ಬಲವಾಗಿತ್ತು, ಮಗಳಿಗೆ ಅದರಿಂದ ತಲೆನೋವು. ಗಾಳಿಗೆ ಹೋಗಲಿ ಎಂದು ಬಾಯಿ ಬೆಳಿಗ್ಗೆ ಸೀರೆಯನ್ನು ಹಿಂದಿನ ಕೋಣೆಯ ಹಗ್ಗಕ್ಕೆ ಹರವಿ, ಕಿಟಕಿ ತೆರೆದಿಟ್ಟು, ಇಗರ್ಜಿಗೆ ಹೋದರು. ಆ ಕಿಟಕಿಯ ಹೊರಗೇ ಬಚ್ಚಲ ಹಂಡೆ. ನಾದಿನಿಗೆ ಸ್ನಾನಕ್ಕೆ ಬಿಸಿನೀರು ಬೇಕಾಯಿತು. ಇಬ್ಬನಿಯಲ್ಲಿ ನೆನೆದ ಸಿಪ್ಪೆಯನ್ನು ಒಲೆಯ ಬಾಯಿ ತುಂಬ ತುರುಕಿ, ಹೊತ್ತದಿದ್ದಾಗ ಇನ್ನಷ್ಟು ತುರುಕಿ, ಅಂಗಳಕ್ಕೆ ಹೋಗಿ ಯಾರದ್ದೋ ಮಾತಿಗೆ ನಿಂತರು. ಹಸಿ ಸಿಪ್ಪೆಯ ಹೊಗೆ ಗೊತ್ತಲ್ಲ, ಮೇಲೆ ಏಳುವುದಿಲ್ಲ, ತೆವಳುತ್ತದೆ. ತೆರೆದ ಕಿಟಕಿಯಿಂದ ಅದು ಸೀದಾ ಒಳಗೆ ಹೋಯಿತು.

ಬಾಯಿ ಬಂದಾಗ ಕೋಣೆಯಲ್ಲಿ ಗೋಡೆ ಕಾಣುತ್ತಿರಲಿಲ್ಲವಂತೆ.

ಆಗ ಅವರು ಮಾಡಿದ್ದು ನಮ್ಮ ಕರಾವಳಿಯವರು ಮಾತ್ರ ಮಾಡುವ ತಪ್ಪು. ಮಳೆಗಾಲದಲ್ಲಿ ಒಣಗದ ಬಟ್ಟೆಗೆ ಮುಗ್ಗಲು ವಾಸನೆ ಬಂದರೆ ಕೆಂಡದ ಮೇಲೆ ಬುಟ್ಟಿ ಕವುಚಿ, ಸಾಂಬ್ರಾಣಿ ಹಾಕಿ, ಮೇಲೆ ಬಟ್ಟೆ ಹರವುವುದು ನಮಗೆಲ್ಲ ಅಭ್ಯಾಸ. ಹೆತ್ತವಳ ಕೂದಲಿಗೆ, ಮಗುವಿನ ತೊಟ್ಟಿಲಿಗೆ ಹಿಡಿಯುವುದೂ ಅದನ್ನೇ. ಕೈ ತಾನಾಗಿ ಆ ಕಡೆ ಹೋಗುತ್ತದೆ. ಬಾಯಿ ಸಾಡೊವನ್ನು ಸಾಂಬ್ರಾಣಿಯ ಬುಟ್ಟಿಯ ಮೇಲೆ ಹರವಿದರು. ಹೊಗೆ ತೆಗೆಯಲು ಹೊಗೆ.

ಸ್ವಲ್ಪ ಹೊತ್ತಿಗೆ ನಮ್ಮ ಹಿಂದಿನ ಬಾಗಿಲು ಬಡಿಯಿತು. ಬಾಯಿ ಒಂದು ಬೆತ್ತದ ಬುಟ್ಟಿ ಹೊತ್ತು ನಿಂತಿದ್ದರು. ಮೇಲೆ ನಾಲ್ಕು ತೆಂಗಿನಕಾಯಿ, ಕೆಳಗೆ ಹಾಸು ಬಟ್ಟೆಯಲ್ಲಿ ಸುತ್ತಿದ ಸೀರೆ. ಮುಖದಲ್ಲಿ ರಕ್ತವೇ ಇರಲಿಲ್ಲ.

"ನೋಡು. ನನ್ನ ಮೂಗಿಗೆ ಗೊತ್ತಾಗುವುದಿಲ್ಲ. ಇಷ್ಟು ವರ್ಷದ ಹೊಗೆಯಲ್ಲಿ ಸತ್ತುಹೋಗಿದೆ ಅದು. ನೀನು ನೋಡು."

ನಾನು ಸೆರಗು ಮೂಗಿಗೆ ಹಿಡಿದೆ. ಸಿಪ್ಪೆಯ ಕರಿವಾಸನೆ, ಅದರ ಮೇಲೆ ಸಾಂಬ್ರಾಣಿ, ತಳದಲ್ಲಿ ಎಲ್ಲೋ ನುಸಿಗುಳಿಗೆ. ಹೇಳದೆ ಇರಲು ಆಗಲಿಲ್ಲ. ಹೇಳಿದೆ.

"ಅಯ್ಯೋ ದೇವರೇ," ಬಾಯಿ ಮೆಟ್ಟಿಲ ಮೇಲೆ ಕುಸಿದರು. "ಸಾಂಬ್ರಾಣಿ ಎಂದರೆ ಇಗರ್ಜಿಯಲ್ಲಿ ಮರಣದ ಪೂಜೆಯ ವಾಸನೆ! ಮದುಮಗಳಿಗೆ!" ಎಂದು ಹೇಳಿ, ನಕ್ಕರೋ ಅತ್ತರೋ... ಎರಡೂ ಇತ್ತು. ಆಮೇಲೆ ನನ್ನ ಕೈ ಹಿಡಿದರು. "ಆಕೆ ತನ್ನ ಕೈಯಿಂದ ಉಡಿಸುವುದು. ಮುಖ ಸೀರೆಗೆ ತಾಗುವಷ್ಟು ಹತ್ತಿರ ಬರುತ್ತಾಳೆ. ವಾಸನೆ ಬಂದರೆ ಎಂತ ಹೇಳ್ತಾಳೆ? ಇದು ಹೊಗೆ ಮನೆಯದ್ದು ಎಂದು ನಾಡಿದ್ದಿನಿಂದ ಬದುಕಿರುವವರೆಗೆ ನನ್ನ ಮಗಳು ಕೇಳಬೇಕು. ಅವಳಿಗೂ ಗೊತ್ತಾಗಬಾರದು. ನಿನಗೆ ದೇವರಾಣೆ."

ಮಗಳು ಮಣಿಪಾಲಕ್ಕೆ ಗೆಳತಿಯರ ಜೊತೆ ಹೋಗಿದ್ದಳು, ಸಂಜೆಗೆ ಬರುವವಳು. ಉಡುಪಿಯ ಡ್ರೈಕ್ಲೀನಿಂಗ್ ಅಂಗಡಿಗೆ ಫೋನ್ ಮಾಡಿದೆ. "ಮೇಡಂ, ಹಳೇ ರೇಷ್ಮೆಯಾ? ನಾಲ್ಕೈದು ದಿನ ಬೇಕು, ಅದೂ ಗ್ಯಾರಂಟಿ ಇಲ್ಲ" ಎಂದರು. ನೀರಿಗೆ ಹಾಕಿದರೆ ಕೆಂಪು ಬಿಡುತ್ತದೆ. ಬಿಸಿಲಿಗೆ ಹಾಕಿದರೆ ಕಂದುತ್ತದೆ. ಉಳಿದದ್ದು ಗಾಳಿ ಮತ್ತು ಹಬೆ. ಅಮ್ಮ ಹೇಳಿದ್ದು ಒಂದಷ್ಟು, ಮೊಬೈಲಿನಲ್ಲಿ ನೋಡಿದ್ದು ಒಂದಷ್ಟು, ಅದನ್ನೇ ನೆಚ್ಚಿಕೊಂಡೆ. ಬಾಯಿ ತಮ್ಮ ಮನೆಯ ಜಾಡಿಯಿಂದ ಶೇಂದಿಯ ವಿನೆಗರ್ ತಂದರು. ಬಚ್ಚಲ ಬಾಗಿಲು ಹಾಕಿ ಹಬೆ ಕೊಟ್ಟೆವು, ಹನಿ ಸೀರೆಗೆ ಬೀಳದ ಹಾಗೆ ಎತ್ತರದಲ್ಲಿ ಕಟ್ಟಿ.

ಹಬೆ ತಾಗಿದ ಕೂಡಲೇ ವಾಸನೆ ಇಮ್ಮಡಿಯಾಯಿತು. ನೂಲಿನೊಳಗೆ ಅಡಗಿದ್ದ ಹೊಗೆಯೆಲ್ಲ ಎದ್ದು ಹೊರಗೆ ಬಂದ ಹಾಗೆ. ಕೆಡಿಸಿಬಿಟ್ಟೆವಾ ಎಂದು ಹೆದರಿದೆ. ಬಾಯಿ ಅದನ್ನು ನನ್ನ ಮುಖ ನೋಡಿ ಓದಿಕೊಂಡರು. ಇಬ್ಬರೂ ಸೀರೆಯನ್ನು ಮಹಡಿಗೆ ಒಯ್ದು ನೆರಳಲ್ಲಿ ಹರವಿದೆವು. ಕಡಲ ಕಡೆಯ ಗಾಳಿ ಇನ್ನೂ ಎದ್ದಿರಲಿಲ್ಲ. ತೆಂಗಿನ ಗರಿ ಅಲುಗುತ್ತಿರಲಿಲ್ಲ. ಬಾಯಿ ಗರಿಗಳನ್ನೇ ನೋಡುತ್ತ ನಿಂತರು, ಕೊರಳಿನ ಜಪಸರ ಬೆರಳಲ್ಲಿ.

ಗಾಳಿ ಬಂತು. ಇಳಿಸಿದೆವು, ಮತ್ತೆ ಹಬೆ, ಮತ್ತೆ ಗಾಳಿ. ನಡುವೆ ನಾನು ಇಸ್ತ್ರಿಗೆಂದು ಇಟ್ಟಿದ್ದ ತೆಂಗಿನ ಗೆರಟೆಯ ಇದ್ದಿಲನ್ನು ಬಟ್ಟೆಯಲ್ಲಿ ಕಟ್ಟಿ ಟ್ರಂಕಿನ ತಳಕ್ಕೆ ಹಾಕಿ, ಸೀರೆಯನ್ನು ಮೇಲಿಟ್ಟು ಮುಚ್ಚಿದೆ. ಬಾಯಿ ಕಣ್ಣರಳಿಸಿ, "ಕಳ್ಳನನ್ನು ಹಿಡಿಯಲಿಕ್ಕೆ ಕಳ್ಳನ ಅಣ್ಣನನ್ನೇ ಕಳಿಸಿದೆಯಾ?" ಎಂದರು. ಇದ್ದಿಲು ವಾಸನೆ ಹೀರುತ್ತದೆ ಎಂದು ನನಗೂ ಕೇಳಿ ಮಾತ್ರ ಗೊತ್ತು.

ಅಷ್ಟರಲ್ಲಿ ಮುಂಬಾಗಿಲಲ್ಲಿ ನಾದಿನಿಯ ಧ್ವನಿ. "ನಮ್ಮ ಅತ್ತಿಗೆ ಇಲ್ಲಿ ಇದ್ದಾಳಾ? ಸಾಡೊ ನೋಡುವ ಎಂದರೆ ಕಪಾಟಿಗೆ ಬೀಗ ಹಾಕಿ ಎಲ್ಲಿಗೆ ಹೋದದ್ದು?"

ಬಾಯಿ ಬಚ್ಚಲೊಳಗೆ ಹೋಗಿ ಚಿಲಕ ಹಾಕಿಕೊಂಡರು. ನಾನು ಸೆರಗಿಗೆ ಕೈ ಒರೆಸುತ್ತ ಹೋದೆ. ಇಲ್ಲ, ಇಗರ್ಜಿಗೆ ಹೋಗಿರಬೇಕು ಎಂದೆ. ಆಕೆ ಹೋಗುವ ಲಕ್ಷಣವಿಲ್ಲ. ಮೂಗು ಎತ್ತಿ ಗಾಳಿ ಮೂಸಿದರು.

"ಎಂತ ವಿನೆಗರ್ ವಾಸನೆ ಇದು?"

"ಅಂಜಲ್ ಮೀನಿನ ಉಪ್ಪಿನಕಾಯಿ ಹಾಕ್ತಾ ಇದ್ದೆ."

"ಹೌದಾ! ಹಾಗಾದರೆ ಹೋಗುವಾಗ ನನಗೆ ಒಂದು ಬಾಟ್ಲಿ. ಮರೆಯಬೇಡ ಮಾರಾಯ್ತಿ" ಎಂದು ಇಳಿದು ಹೋದರು. ನಾನು ಬಾಗಿಲು ಹಾಕಿ ಅದಕ್ಕೇ ಒರಗಿದೆ. ಒಳಗಿನಿಂದ ಬಾಯಿ ಪಿಸುಗುಟ್ಟಿದರು, "ಈಗ ಅಂಜಲ್ ಎಲ್ಲಿಂದ ತರ್ತೀ?" ನಮ್ಮವರು ಮರುದಿನ ಪೇಟೆಗೆ ಹೋಗಿ ಅಂಜಲ್ ತಂದದ್ದೂ, ನಾನು ಉಪ್ಪಿನಕಾಯಿ ಹಾಕಿದ್ದೂ ನಿಜ.

ಮಧ್ಯಾಹ್ನ ಕಳೆಯುವಾಗ ನನ್ನ ಮೂಗೂ ಸೋತಿತ್ತು. ಮೂಸಿ ಮೂಸಿ ಎಲ್ಲವೂ ಒಂದೇ. ಹೊಸ ಮೂಗು ಬೇಕು. ನಮ್ಮವರು ಊಟಕ್ಕೆ ಬಂದರು. ಕಣ್ಣು ಮುಚ್ಚಿಸಿ ಸೆರಗು ಹಿಡಿದೆ. "ಚಟ್ನಿಗೆ ಹುಳಿ ಜಾಸ್ತಿ ಆಗಿದೆ" ಎಂದರು. ಬಾಯಿ ತಲೆ ತಲೆ ಚಚ್ಚಿಕೊಂಡರು. ಆದರೆ ಹೊಗೆ ಎನ್ನಲಿಲ್ಲ, ಅದೇ ಸಮಾಧಾನ. ಇಡೀ ಸಂಜೆ, ಮರುದಿನ ಬೆಳಿಗ್ಗೆ ಗಾಳಿಗಿಟ್ಟ ಮೇಲೆ ಅವರಿಗೆ ಏನೂ ಬರಲಿಲ್ಲ, "ಬಟ್ಟೆಯ ವಾಸನೆ ಬರ್ತದೆ, ಮತ್ತೆಂತ ಬರಬೇಕು?" ಎಂದು ನಮ್ಮನ್ನೇ ಕೇಳಿದರು. ಮಡಿಕೆಗಳ ಒಳಗೆ, ಕುಚ್ಚಿನ ಹತ್ತಿರ, ಎಲ್ಲ ಕಡೆ ನಾನು ನೋಡಿದೆನೋ ಇಲ್ಲವೋ... ನೋಡಿದೆ ಎಂದೇ ಅಂದುಕೊಂಡಿದ್ದೆ. ರೋಸಿನ ಗಡಿಬಿಡಿಯಲ್ಲಿ ಸೀರೆ ತೆಂಗಿನಕಾಯಿಯ ಕೆಳಗೆ ಮತ್ತೆ ಬೇಲಿ ದಾಟಿತು.

ಮದುವೆಯ ದಿನ ಊಟದ ಹಾಲ್‌ನ ಹಿಂದಿನ ಸಣ್ಣ ಕೋಣೆಯಲ್ಲಿ ಪಿನ್ನುಗಳನ್ನು ಹಿಡಿದು ನಿಂತವಳು ನಾನು. ಹುಡುಗನ ತಾಯಿ ಗಂಟು ಬಿಚ್ಚಿದರು. ಸೀರೆ ಕೊಡವಿದರು. ನೆರಿಗೆ ಹಿಡಿಯುತ್ತ ಬಗ್ಗಿ, ಒಮ್ಮೆ ನಿಂತರು. ಸೀರೆಯನ್ನು ಮೂಗಿನ ಹತ್ತಿರ ತಂದರು. ನನ್ನ ಬೆರಳಿಗೆ ಪಿನ್ನು ಚುಚ್ಚಿದ್ದು ಆಮೇಲೆ ಗೊತ್ತಾಯಿತು.

"ನುಸಿಗುಳಿಗೆ ವಾಸನೆ ಹೋಗಿದೆಯಲ್ಲ," ಎಂದರು ಆಕೆ. "ಹೇಗೆ ತೆಗೆದದ್ದು? ನನಗೆ ಇಷ್ಟು ವರ್ಷ ಆಗಲಿಲ್ಲ."

ನಾನು ಮುಂದಿನ ಪಿನ್ನು ಚಾಚಿದೆ. ಆಕೆ ನೆರಿಗೆ ಸಿಕ್ಕಿಸಿದರು, ಸೆರಗು ಹೊದಿಸಿದರು, ಹುಡುಗಿಯ ಗಲ್ಲ ಹಿಡಿದು ನೋಡಿದರು. ಆ ನೋಟದಲ್ಲಿ ಕರ್ಚೀಫು ಇರಲಿಲ್ಲ. "ತಾಯಿ ಎಲ್ಲಿ? ಕರೆಯಿರಿ, ನೋಡಲಿ."

ನಾನು ಹೊರಗೆ ಓಡಿದೆ. ಬಾಯಿ ಕೈ ತೊಳೆಯುವ ನಲ್ಲಿಗಳ ಹತ್ತಿರ ಒಬ್ಬರೇ ನಿಂತಿದ್ದರು. ಗೆದ್ದೆವು ಎಂದು ಹೇಳಿದೆ. ಕಣ್ಣು ಮುಚ್ಚಿ ಶಿಲುಬೆಯ ಗುರುತು ಮಾಡಿಕೊಂಡರು. ಆದರೆ ಒಳಗೆ ಬರಲಿಲ್ಲ. ತಮ್ಮ ಸೆರಗನ್ನು ನನ್ನ ಕಡೆ ಹಿಡಿದರು.

"ನನ್ನಲ್ಲಿ ಉಂಟಾ?"

ಅವರ ಸೀರೆಯೂ ಅದೇ ಕೋಣೆಯ ಹಗ್ಗದಲ್ಲಿ ಇತ್ತು, ಅದೇ ಹೊಗೆಯಲ್ಲಿ. ನಾವಿಬ್ಬರೂ ಸಾಡೊದ ಹಿಂದೆ ಬಿದ್ದು ಅದರ ನೆನಪೇ ಮಾಡಿಕೊಂಡಿರಲಿಲ್ಲ. ನಾನು ಹತ್ತಿರ ಹೋಗಿ ನೋಡಿದೆ. ಮುಡಿಗೆ ಶಂಕರಪುರ ಮಲ್ಲಿಗೆಯ ಇಡೀ ಚೆಂಡು. ನನಗೆ ಬಂದದ್ದು ಅದರ ಪರಿಮಳ ಮಾತ್ರ.

"ಇಲ್ಲ ಬಾಯಿ. ಸತ್ಯವಾಗಿ ಇಲ್ಲ."

"ಉಂಟಾದರೂ ಇವತ್ತು ನೀನು ಹೇಳುವವಳಲ್ಲ" ಎಂದು ಅವರು ಸೆರಗನ್ನು ಬಿಗಿಯಾಗಿ ಸುತ್ತಿಕೊಂಡರು.

ಕೊನೆಗೆ ಮಗಳನ್ನು ಗಂಡಿನವರಿಗೆ ಒಪ್ಪಿಸುವ ಶಾಸ್ತ್ರ. ಎಲ್ಲರೂ ಅಳುವ ಹೊತ್ತು ಅದು, ಅಪ್ಪಿಕೊಂಡು ಬಿಡದ ಹೊತ್ತು. ಬಾಯಿ ಬಂದರು. ಮಗಳ ಕೈಯನ್ನು ಹುಡುಗನ ತಾಯಿಯ ಕೈಯಲ್ಲಿ ಇಟ್ಟರು, ತೋಳನ್ನು ಪೂರಾ ಚಾಚಿ, ದೂರದಿಂದಲೇ. ಹುಡುಗಿ "ಮಾಮ್ಮಿ" ಎಂದು ಮುಂದೆ ಬಾಗಿದಳು. ಬಾಯಿ ಹಿಂದೆ ಸರಿದರು. ಹುಡುಗಿಯ ತೋಳುಗಳು ಗಾಳಿಯಲ್ಲಿ ಹಾಗೇ ನಿಂತವು. ನನ್ನ ಪಕ್ಕದಲ್ಲಿದ್ದ ನಾದಿನಿ "ಎಂತ ಗಟ್ಟಿ ಹೆಂಗಸು ಮಾರಾಯ್ತಿ! ಒಂದು ಹನಿ ಕಣ್ಣೀರಿಲ್ಲ" ಎಂದರು. ನಾನು ಬಾಯಿಯ ಮುಖ ನೋಡಿದೆ. ಅವರು ಕಣ್ಣು ನೆಟ್ಟದ್ದು ಆ ಕೆಂಪು ಸೀರೆಯ ಮೇಲೆ. ತಾನು ತಾಗಿದರೆ ಅದಕ್ಕೆ ಹಿಡಿಯುತ್ತದೆ ಎಂಬ ಹಾಗೆ. ಕಾರು ಕಾರ್ಕಳದ ರಸ್ತೆಗೆ ತಿರುಗಿದ ಮೇಲೆ ಅವರು ನಲ್ಲಿಗಳ ಹತ್ತಿರ ಹೋಗಿ ಗೋಡೆಗೆ ಮುಖ ಮಾಡಿ ನಿಂತರು...

ಮತ್ತೆ ಕೆಲವು ವರ್ಷ ಒಲೆ ಉರಿಯಿತು. ಮಗಳು ಬರುವಳು, ಹೋಗುವಳು, ಚೆನ್ನಾಗಿದ್ದಳು. ಅತ್ತೆಯೂ ಸಾನ್ನಾ ತರಿಸಿ ತಿನ್ನುವಷ್ಟು ಒಳ್ಳೆಯವರಾದರು. ಆದರೆ ತಾಯಿ ಮಗಳ ನಡುವೆ ಆ ಒಂದು ಹೆಜ್ಜೆ ಹಾಗೇ ಉಳಿಯಿತು ಎಂದು ನನಗೆ ಕಾಣುತ್ತಿತ್ತು. ಬಾಯಿ ಆಣೆ ಬಿಡಿಸಲಿಲ್ಲ. ಕೆಮ್ಮು ಶುರುವಾಗಿ ಮಣಿಪಾಲದ ಆಸ್ಪತ್ರೆಗೆ ಸೇರಿಸಿದಾಗ ಡಾಕ್ಟರು ಎದೆಯ ಚಿತ್ರ ನೋಡಿ, "ಬೀಡಿ ಸೇದುತ್ತಿದ್ದರಾ?" ಎಂದು ಕೇಳಿದರು. ಬಾಯಿ ಮಾಸ್ಕಿನ ಒಳಗಿನಿಂದ, "ಇಲ್ಲ ಡಾಕ್ಟ್ರೇ, ಸಾನ್ನಾ ಸೇದುತ್ತಿದ್ದೆ" ಎಂದರು. ಅವರ ಬಾಯಿಂದ ನಾನು ಕೇಳಿದ ಕೊನೆಯ ತಮಾಷೆ.

ಬಾಯಿಯನ್ನು ಮಣ್ಣು ಮಾಡುವ ದಿನ ಮಗಳು ಕಾರ್ಕಳದಿಂದ ಉಟ್ಟ ಬಟ್ಟೆಯಲ್ಲೇ ಓಡಿ ಬಂದಿದ್ದಳು. ಬಿಳಿ ಸೀರೆ ಉಡಲು, ಯಾರೂ ಹೇಳದೆಯೇ, ಬೇಲಿ ದಾಟಿ ನಮ್ಮ ಕೋಣೆಗೆ ಬಂದಳು. ಅಲ್ಮೇರಾದ ಕೆಳಗಿನ ಖಾನೆಯ ಮುಂದೆ ಕೂತು ತುಂಬ ಹೊತ್ತು ಏಳಲಿಲ್ಲ.

"ಆಂಟಿ, ಮಾಮ್ಮಿ ಆ ದಿನ ಯಾಕೆ ನನ್ನನ್ನು ಅಪ್ಪಿಕೊಳ್ಳಲಿಲ್ಲ?"

ಆಣೆ ಇಟ್ಟವರು ಹೋಗಿದ್ದರು. ಹೇಳಿದೆ. ಹಂಡೆಯ ಒಲೆ, ಸಾಂಬ್ರಾಣಿ, ವಿನೆಗರ್, ನಲ್ಲಿಯ ಹತ್ತಿರ ಚಾಚಿದ ಸೆರಗು, ಎಲ್ಲ. ಅವಳು ಅಳಲಿಲ್ಲ, ಕೇಳುತ್ತ ಕೂತಳು. ಆಮೇಲೆ ನಿಧಾನವಾಗಿ ಹೇಳಿದಳು.

"ಪೂರ್ತಿ ಹೋಗಿರಲಿಲ್ಲ ಆಂಟಿ. ಸೆರಗಿನ ಒಳಮಡಿಕೆಯಲ್ಲಿ ಸ್ವಲ್ಪ ಇತ್ತು. ಕಾರಿನಲ್ಲಿ ಕೂತ ಮೇಲೆ ಬಂತು. ಇದು ಎಲ್ಲಿಂದ ಬಂತು ಎಂದು ಗೊತ್ತಾಗಲಿಲ್ಲ, ಸಿಟ್ಟೂ ಇತ್ತು. ಆದರೂ ಕಾರ್ಕಳ ಬರುವವರೆಗೆ ಅದನ್ನೇ ಮೂಗಿಗೆ ಹಿಡಿದುಕೊಂಡಿದ್ದೆ."

ಈ ಮಾತನ್ನು ಬಾಯಿಗೆ ಹೇಳಬೇಕಿತ್ತು. ಹೇಳಲು ಬೇಲಿಯ ಆಚೆ ಯಾರೂ ಇರಲಿಲ್ಲ.

ಬಚ್ಚಲಲ್ಲಿ ಹಬೆ ಆರಿದ ಮೇಲೆ, ಹೋಮಕ್ಕೆ ಉಟ್ಟ ನನ್ನ ಸೀರೆಯನ್ನು ಮಹಡಿಗೆ ಒಯ್ದು ಹರವಿದೆ. ಕಡಲ ಗಾಳಿ ಎದ್ದಿತ್ತು. ಪಕ್ಕದ ಹಿತ್ತಿಲಲ್ಲಿ ಬಿದ್ದ ಮಡಲುಗಳನ್ನು ಹೆಕ್ಕುವವರಿಲ್ಲ, ಸಿಪ್ಪೆಯ ರಾಶಿಯ ಮೇಲೆ ಬಳ್ಳಿ ಹಬ್ಬಿದೆ, ಹೆಂಚಿನ ಸಂದುಗಳಲ್ಲಿ ಏನೂ ಏಳುವುದಿಲ್ಲ. ಸಂಜೆ ಸೀರೆ ಇಳಿಸಿ ಮೂಗಿಗೆ ಹಿಡಿದೆ. ಸೆರಗು ನೋಡಿದೆ, ಒಳಮಡಿಕೆ ಬಿಡಿಸಿ ಬಿಡಿಸಿ ನೋಡಿದೆ. ಇಲ್ಲ. ಪೂರ್ತಿ ಹೋಗಿತ್ತು.